ಉಪ್ಪುಂಡ ಬೀಜಗಳು

"ಈ ವರ್ಷ ಟೊಮೇಟೊ ಕೊಳ್ಳೋಕೆ ಅಂಗಡಿಗೆ ಹೋದ್ರೆ ನನ್ನ ಹೆಸರು ಬದಲಾಯಿಸು" ಎಂದು ಗಡಿಯಾರ ರಿಪೇರಿಯವರು ಹೆಂಡತಿಯ ಮುಂದೆ ಘೋಷಿಸಿದರು.

ಸಮುದ್ರಕ್ಕೆ ಹತ್ತಿರದ ಮನೆ. ಎರಡು ವರ್ಷದಿಂದ ಬಾವಿನೀರು ಉಪ್ಪಾಗಿ, ಹಿತ್ತಲಲ್ಲಿ ಏನು ಬಿತ್ತಿದರೂ ಎರಡೆಲೆ ಬಿಟ್ಟು ಮುಖ ಬಾಡಿಸಿಕೊಳ್ಳುತ್ತಿತ್ತು. ಬೀಜದಂಗಡಿಯವನು ಉಪಾಯ ಹೇಳಿದ್ದ: ಬೀಜವನ್ನು ಮೊದಲೇ ತೆಳು ಉಪ್ಪುನೀರಲ್ಲಿ ಒಂದು ದಿನ ನೆನೆಸಿ, ನೆರಳಲ್ಲಿ ಒಣಗಿಸಿ ಬಿತ್ತಿದರೆ ಸಸಿ ಉಪ್ಪನ್ನು ತಾಳಿಕೊಳ್ಳುತ್ತದೆ.

"ಅಮ್ಮ ತೆಗೆದಿಟ್ಟಿದ್ದ ಬೀಜ ರೀ. ಉಳಿದಿರೋದು ಇಷ್ಟೇ" ಎಂದು ಹೆಂಡತಿ ಪೊಟ್ಟಣವನ್ನು ಅರೆಮನಸ್ಸಿನಿಂದ ಕೊಟ್ಟಳು.

"ಕೂದಲೆಳೆಯಂಥ ಸ್ಪ್ರಿಂಗ್ ಕೂರಿಸೋ ಕೈ ಇದು. ನೀನು ನಿಶ್ಚಿಂತೆಯಾಗಿರು."

ಬೀಜಗಳು ಲೋಟಕ್ಕಿಳಿದವು. ಬಚ್ಚಲುಮನೆಯ ಕಿಟಕಿಯಲ್ಲಿ ಬೆಚ್ಚಗಿರುತ್ತದೆಂದು ಅಲ್ಲಿಟ್ಟು, ಕಣ್ಣಿಗೆ ಭೂತಗನ್ನಡಿ ಹಿಡಿದು ನೋಡಿದರು. ಒಂದೊಂದು ಬೀಜವೂ ಬೆಳ್ಳಿ ರೋಮ ಹೊದ್ದು ನಿದ್ದೆ ಹೋದ ಪುಟ್ಟ ಚಂದ್ರನಂತಿತ್ತು. ಅಂಗಡಿಗೆ ಹೋದರೂ ಮನಸ್ಸು ಲೋಟದಲ್ಲೇ ತೇಲುತ್ತಿತ್ತು. ಗಿರಾಕಿಯ ಗಡಿಯಾರ ಬಿಚ್ಚಿದರೆ ಹಲ್ಲುಚಕ್ರಗಳ ನಡುವೆ ಟೊಮೇಟೊ ಕೆಂಪಾಗುತ್ತಿರುವಂತೆ ಕಂಡಿತು. ಆ ಗುಂಗಿನಲ್ಲಿ ದೊಡ್ಡ ಮುಳ್ಳಿನ ಜಾಗಕ್ಕೆ ಚಿಕ್ಕದನ್ನು ಕೂರಿಸಿ ಬೈಸಿಕೊಂಡರು.

ಮರುದಿನ ಬೆಳಗ್ಗೆ ಕಿಟಕಿಯಲ್ಲಿ ಲೋಟ ಬೋರಲಾಗಿತ್ತು. ಜೊತೆಗೇ ಇರುವ ಹೆಂಡತಿಯ ಅಪ್ಪ ಆಗಷ್ಟೇ ಮುಖ ತೊಳೆದು ನಿಂತಿದ್ದರು.

"ಮಾವ, ಇಲ್ಲಿದ್ದ ನೀರು?"

ಮಾವ ಟವೆಲಿನಿಂದ ಬಾಯಿ ಒರೆಸಿಕೊಂಡರು. "ನನಗೇ ಇಟ್ಟಿದ್ದಲ್ವಾ ಅಳಿಯಂದಿರೇ? ಗಂಟಲು ಕೆರೀತಿತ್ತು. ಜೀರಿಗೆ ಬೇರೆ ಹಾಕಿದ್ರಿ. ಚೆನ್ನಾಗಿ ಮುಕ್ಕಳಿಸಿ ಕಿಟಕಿಯಿಂದ ಉಗುಳಿದೆ. ಈಗ ಹಾಯಾಗಿದೆ."

ರಿಪೇರಿಯವರು ಚಿಮಟ ಹಿಡಿದು ಹಿತ್ತಲಿಗೆ ಓಡಿದರು. ಮಧ್ಯಾಹ್ನದವರೆಗೆ ಕೆಸರಲ್ಲಿ ಮಂಡಿಯೂರಿ ಹುಡುಕಿದರೂ ಸಿಕ್ಕಿದ್ದು ನಾಲ್ಕು. ಅದರಲ್ಲಿ ಒಂದು ಎದ್ದು ನಡೆದುಹೋಯಿತು. ಉಳಿದ ಮೂರನ್ನು ಒಣಗಿಸಿ ಕುಂಡದಲ್ಲಿ ಬಿತ್ತಿದರು. ಯಾವುದೂ ಮೇಲೇಳಲಿಲ್ಲ. ಹೆಂಡತಿ ಖಾಲಿ ಪೊಟ್ಟಣವನ್ನು ಮಡಿಸಿ, ಮತ್ತೆ ಬೀರುವಿನಲ್ಲಿಟ್ಟಳು. ಬೈದಿದ್ದರೇ ವಾಸಿಯಿತ್ತು ಎನಿಸಿತು ಅವರಿಗೆ.

ಎರಡು ವಾರ ಕಳೆದ ಮೇಲೆ ಬಚ್ಚಲು ಕಿಟಕಿಯ ಕೆಳಗೆ ಹಸಿರು ಕಾಣಿಸಿತು. ಅದೇ ಬಾವಿಯ ಉಪ್ಪುನೀರು ಕುಡಿದು ಗಿಡಗಳು ಸೊಂಟದವರೆಗೆ ಬೆಳೆದವು, ಹೂಬಿಟ್ಟವು, ಹಣ್ಣಿನ ಭಾರಕ್ಕೆ ಬಾಗಿದವು.

ಪಕ್ಕದ ಮನೆಯ ಟೀಚರ್ ಗೋಡೆಯಾಚೆಯಿಂದ ಇಣುಕಿದರು. "ನಮ್ಮ ಬಾವಿನೀರೂ ಇಂಥದೇ. ಹೇಗೆ ಬೆಳೆಸಿದ್ರಿ?"

ರಿಪೇರಿಯವರ ಎದೆ ತಾನಾಗಿ ಉಬ್ಬಿತು. "ಬಹಳ ಸೂಕ್ಷ್ಮದ ಕೆಲಸ. ಬೀಜ ಉಪ್ಪುನೀರಲ್ಲಿ ಸರಿಯಾಗಿ ನೆನೀಬೇಕು. ಆಮೇಲೆ..."

"ಆಮೇಲೆ ನಮ್ಮಪ್ಪ ಉಗುಳಬೇಕು" ಎಂದಳು ಹೆಂಡತಿ, ಮೊದಲ ಹಣ್ಣನ್ನು ಸೆರಗಿಗೆ ಹಾಕಿಕೊಳ್ಳುತ್ತ.