ಇಲ್ಲದ ಕಣದ ವರ

ಕೃಷ್ಣಾಜಿ: ಕಣ್ಣಿಗೆ ಕಾಣೂದಿಲ್ಲ, ಕೈಗೆ ಸಿಗೂದಿಲ್ಲ. ಮತ್ತ ಅದರ ಮ್ಯಾಲೆ ಸಂಶೋಧನಾ ಹ್ಯಾಂಗ ಮಾಡ್ತೀರಿ? ಕಣ್ಣ ಮುಚಗೊಂಡೇನು?

ಶ್ರೀಧರ: ಗಣಿತದಿಂದರೀ. ಅಣುವಿನ ಹೊಟ್ಟ್ಯಾಗ ಇನ್ನೂ ಸಣ್ಣ ಕಣ ಇರ್ತಾವ. ಅವು ಹ್ಯಾಂಗ ನಡಕೋಬೇಕು ಅಂತ ನಾವು ಲೆಕ್ಕಾ ಹಾಕತೇವಿ.

ಕೃಷ್ಣಾಜಿ: ನೀವು ಹಾಕಿದ ಲೆಕ್ಕಾ ಅವಕ್ಕ ಗೊತ್ತದ ಏನು?

ಹೇಳಿ ತಾವೇ ನಕ್ಕರು. ಕೃಷ್ಣಾಜಿ ಜಮಖಂಡಿ ಸಂಸ್ಥಾನದ ಕಾಲದ ಶಿರಸ್ತೇದಾರರು. ಸಂಸ್ಥಾನ ಮುಂಬೈ ರಾಜ್ಯದಲ್ಲಿ ಕರಗಿ ಆರು ವರ್ಷವಾದರೂ, ಹಿಂದೆ ದರ್ಬಾರು ಕೂಡುತ್ತಿದ್ದ ಗುರುವಾರ ಬಂತೆಂದರೆ ಜರಿಯ ರುಮಾಲು ಸುತ್ತಿ ದರ್ಬಾರಿನ ಕರೆ ಕಾಯುತ್ತ ಪಡಸಾಲೆಯಲ್ಲಿ ಕೂಡುತ್ತಿದ್ದರು; ಇವತ್ತೂ ಅದೇ ವಾರ. ಮೂಗಿಗಿಂತ ಮೂಗುತಿ ಭಾರ. ಹೆಂಡತಿ ಕಾಶೀಬಾಯಿಗೆ ಆ ಸೋಗು ಕಂಡರೆ ಮೈ ಉರಿಯುತ್ತಿತ್ತು.

ಅದೂ ಇರಲಿ. ಮಗಳನ್ನು ನೋಡಲು ಬಂದ ಎರಡು ವರಗಳನ್ನು ಈ ಪುಣ್ಯಾತ್ಮರು ಹೀಗೇ ಹೀಯಾಳಿಸಿ ಓಡಿಸಿದ್ದರು. ಇವತ್ತು ಬಂದವನು ಮುಧೋಳದ ಹುಡುಗ ಶ್ರೀಧರ, ಮುಂಬೈಯಲ್ಲಿ ಭೌತವಿಜ್ಞಾನಿ. ಅವಲಕ್ಕಿ ಕೊಟ್ಟು ಒಳಗೆ ಹೋದ ಸುಹಾಸಿನಿ ತಾಯಿಯ ಕಿವಿಯಲ್ಲಿ ‘ಹೂಂ’ ಎಂದಿದ್ದಳು. ಇವನನ್ನೂ ಅಟ್ಟಿದರೆ ಮಗಳಿಗೆ ಯಾವ ಮುಖ ತೋರಿಸಲಿ ಎಂದು ಕಾಶೀಬಾಯಿ ಪಡಸಾಲೆ ಬಿಟ್ಟು ಕದಲಿರಲಿಲ್ಲ.

ಕೃಷ್ಣಾಜಿ: ಯಂತ್ರಾ ಗಿಂತ್ರಾ ಏನಾರ ಇಟ್ಟೀರೋ?

ಶ್ರೀಧರ: ಇಲ್ಲರೀ, ಅದು ಪ್ರಯೋಗ ಮಾಡವರ ಕೆಲಸ. ನಂದು ಬರೇ ಸಿದ್ಧಾಂತ. ಕಾಗದಾ, ಪೆನ್ಸಿಲ್ಲು, ಅಷ್ಟ.

ಕೃಷ್ಣಾಜಿ: ಕೇಳಿದೇನ? ಪಾಟಿಚೀಲಾ ಹೊತಗೊಂಡು ಅಳಿಯಾ ಆಗಲಿಕ್ಕೆ ಬಂದಾರ!

ಕಾಶೀಬಾಯಿ: ನೀವೂ ಕಚೇರ್ಯಾಗ ಕಾಗದಾನ ತಿರುವ್ತಿದ್ರಿ. ಕೃಷ್ಣಾ ಹೊಳಿಗೆ ಒಡ್ಡೇನೂ ಕಟ್ಟತಿದ್ದಿಲ್ಲ.

ಕೃಷ್ಣಾಜಿ: ಅವು ಸಂಸ್ಥಾನದ ಕಾಗದಾ! ಮುದ್ರಿ ಇರ್ತಿತ್ತು! ಇರಲಿ. ಇಷ್ಟು ವರ್ಷ ಕುಂತು ಏನು ಸಾಧಿಸಿದ್ರಿ, ಹೇಳ್ರಿ.

ಶ್ರೀಧರ: ಒಂದು ಹೊಸಾ ಕಣ ಇರಾಕ ಬೇಕು ಅಂತ ಲೆಕ್ಕಾ ಹಾಕಿ ತೋರಿಸಿದೆ. ಅದಕ್ಕ ಮೂರು ವರ್ಷ ಹಿಡೀತು.

ಕೃಷ್ಣಾಜಿ: ಸಿಕ್ತೋ?

ಶ್ರೀಧರ: ದೊಡ್ಡ ದೊಡ್ಡವರು ಹುಡುಕಿದ್ರು. ಇದ್ದಿದ್ದಿಲ್ಲರೀ.

ಕಾಶೀಬಾಯಿ ಕಣ್ಣು ಸನ್ನೆ ಮಾಡಿದಳು, ಕೆಮ್ಮಿದಳು, ಚಹಾದ ಬಸಿಯನ್ನು ಸದ್ದಾಗುವಂತೆ ಇಟ್ಟಳು. ಹುಡುಗನಿಗೆ ಒಂದೂ ತಿಳಿಯಲಿಲ್ಲ. ಅಣುವಿನ ಹೊಟ್ಟೆ ಬಗೆಯುವವನಿಗೆ ಅತ್ತೆಯಾಗುವವಳ ಸನ್ನೆ ತಿಳಿಯದು.

ಕೃಷ್ಣಾಜಿ: ಮುಂದ?

ಶ್ರೀಧರ: ನನ್ನ ಲೆಕ್ಕಾನ ತಪ್ಪಿತ್ತು ಅಂತ ನಾನ ಬರದು ಛಾಪಿಸಿದೆ.

ಕೃಷ್ಣಾಜಿ: ಬರೀರಿ ಅಂತ ಯಾರ ಹೇಳಿದ್ರು?

ಶ್ರೀಧರ: ಯಾರೂ ಇಲ್ಲರೀ. ಆದ್ರ ನನ್ನ ನಂಬಿ ಮಂದಿ ಸುಮ್ಮನ ಹುಡುಕಬಾರದಲ್ಲಾ.

ಕೃಷ್ಣಾಜಿ ರುಮಾಲು ಜಾರುವಷ್ಟು ನಕ್ಕರು.

ಕೃಷ್ಣಾಜಿ: ಗಂಡಸಾದವ ತಪ್ಪು ಮಾಡಲಿ, ಒಪ್ಪಿಕೋಬಾರದು! ಇಂಥವರಿಗೆ ಹುಡುಗಿ ಕೊಟ್ರ ನಾಳೆ ಮದವಿನೂ ತಪ್ಪಾತು ಅಂತ ಛಾಪಿಸ್ತಾರ. ಏಳ್ರಿ, ಮುಧೋಳ ಬಸ್ಸು ಹೋದೀತು.

ಶ್ರೀಧರ ಏಳಲು ನೋಡಿದ.

ಕಾಶೀಬಾಯಿ: ಕೂಡ್ರಿ ಶ್ರೀಧರರಾಯರ. ನಮ್ಮ ಹುಡುಗಿ ನಿಮಗ ಕೊಟ್ಟಂಗ.

ಕೃಷ್ಣಾಜಿ: ಏನಂದಿ?

ಕಾಶೀಬಾಯಿ: ‘ಸಂಸ್ಥಾನಕ್ಕ ಏನೂ ಆಗೂದಿಲ್ಲ’ ಅಂತ ಊರ ತುಂಬ ಹೇಳಿದವರು ಯಾರು?

ಕೃಷ್ಣಾಜಿ: ನಾನ ಹೇಳಿದ್ದೆ. ಈಗೂ ಹೇಳತೇನಿ. ಈ ಮುಂಬೈ ಸರಕಾರ ನಾಕ ದಿನದ್ದು!

ಕಾಶೀಬಾಯಿ: ಕೇಳ್ರಿ! ತನ್ನ ಕಣಾ ಇಲ್ಲ ಅಂತ ತಿಳಿದ ಕೂಡಲೆ ಈ ಹುಡುಗ ಕೈ ಬಿಟ್ಟ. ನೀವು ಇಲ್ಲದ ದರ್ಬಾರಕ್ಕ ಆರು ವರ್ಷ ರುಮಾಲ ಸುತ್ತೀರಿ. ಅದಕ್ಕ ಗಂಜಿ ಹಾಕಿ ಒಣಗಿಸಾಕಿ ನಾನು! ‘ತಪ್ಪಾತು’ ಅನ್ನೂ ಗಂಡಸು ಭೂಮಿ ಮ್ಯಾಲೆ ಇರ್ತಾನ ಅಂತ ನನಗ ಇವತ್ತ ಗೊತ್ತಾತು. ಅಂಥಾವನ್ನ ಬಸ್ಸಿಗೆ ಹತ್ತಸ್ತೀರೇನು?

 ಬಾಗಿಲ ಹಿಂದೆ ಬಳೆಯ ಸದ್ದಾಯಿತು. ಕೃಷ್ಣಾಜಿ ನಿಧಾನವಾಗಿ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡರು, ಬೋಳುತಲೆ ಸವರಿಕೊಂಡರು. ಮದುವೆಯಾದಾಗಿನಿಂದ ಕಾಯುತ್ತಿದ್ದ ‘ತಪ್ಪಾತು’ ಎಂಬ ಆ ಒಂದು ಮಾತು ಈಗ ಬಂದೇ ಬಿಡುತ್ತದೆ ಎಂದು ಕಾಶೀಬಾಯಿ ಒಂದು ಹೆಜ್ಜೆ ಹತ್ತಿರ ಬಂದಳು.

ಕೃಷ್ಣಾಜಿ: ಹುಡುಗ ನನಗ ಮೊದಲಿಂದನೂ ಪಸಂದ ಇದ್ದ. ಬ್ಯಾಡ ಅಂತ ನಾ ಯಾವಾಗ ಅಂದೆ? ಪರೀಕ್ಷಾ ಮಾಡಿದೆ, ಅಷ್ಟ.

ಕಾಶೀಬಾಯಿ ಹುಡುಗನ ತಾಟಿಗೆ ಮತ್ತೊಂದು ಸೌಟು ಅವಲಕ್ಕಿ ಬಡಿಸಿದಳು.

ಕಾಶೀಬಾಯಿ: ಧೈರ್ಯ ಬಿಡಬ್ಯಾಡ್ರಿ. ನಿಮ್ಮ ಕಣಾ ಇವತ್ತಿಲ್ಲ ನಾಳೆ ಸಿಕ್ಕರೂ ಸಿಕ್ಕೀತು. ನಾ ಹುಡುಕೂದು ಮಾತ್ರ ಈ ಮನ್ಯಾಗ ಸಿಗೂದಿಲ್ಲ.