ಹೋರಿಯ ಹಾಲು

ಇನ್ನೊಬ್ಬರಿಗೆ ದಾರಿ ತೋರಿಸುವಷ್ಟು ಸುಖದ ಕೆಲಸ ಬೇರೊಂದಿಲ್ಲ. ನಡೆಯಬೇಕಾದವರು ಅವರು, ಕೈ ಚಾಚಿ ನಿಲ್ಲುವವರು ನಾವು. ನಾನು ಜೀವಸಂಖ್ಯಾಶಾಸ್ತ್ರ ವಿಭಾಗದ ಅಧ್ಯಾಪಕಿ. ಪುತ್ತೂರಿನ ಬಸ್ಸಿನಲ್ಲಿ ಪಕ್ಕದವರು "ನೀವು ಎಂತ ಪಾಠ ಮಾಡುದು?" ಎಂದು ಕೇಳಿದರೆ, "ರೋಗ, ಮದ್ದು, ದನಕರು, ಇವುಗಳ ಲೆಕ್ಕಾಚಾರ" ಎನ್ನುತ್ತೇನೆ. ಅವರು ಸ್ವಲ್ಪ ಯೋಚಿಸಿ, "ಹಾಗಾದ್ರೆ ಹೇಳಿ, ನಮ್ಮ ದನ ಎರಡು ದಿನದಿಂದ ಹುಲ್ಲು ಮುಟ್ಟುದಿಲ್ಲ" ಎನ್ನುತ್ತಾರೆ. ಇಳಿಯುವ ತನಕ ನಾನು ಕಿಟಕಿಯ ಹೊರಗೆ ನೋಡುತ್ತೇನೆ.

ನಮ್ಮಲ್ಲಿ ಎಂ.ಎಸ್ಸಿ.ಗೆ ಬರುವವರು ಒಂದೇ ಗೂಡಿನ ಹಕ್ಕಿಗಳಲ್ಲ. ಹಿಂದಿನ ತಂಡದಲ್ಲಿ ನನ್ನ ಪಾಲಿಗೆ ಬಂದವರು ಇಬ್ಬರು. ಕಡಬದ ನೌಶೀರ್ ಗಣಿತದ ಪದವೀಧರ. ಎಂಥ ಪ್ರಮೇಯವನ್ನೂ ನಿಂತಲ್ಲೇ ಸಾಧಿಸಿಯಾನು, ಆದರೆ ಎದುರಿಗೆ ದನ ಬಂದರೆ ರಸ್ತೆ ದಾಟುವವನು. ಐವರ್ನಾಡಿನ ಭವ್ಯ ಪಶುವೈದ್ಯೆ. ಕೊಯಿಲದ ಸುತ್ತಮುತ್ತಲಿನ ಹಳ್ಳಿಗಳಲ್ಲಿ ಅದೆಷ್ಟೋ ಕರುಗಳನ್ನು ತನ್ನ ಕೈಯಿಂದಲೇ ಹೊರಗೆಳೆದವಳು. ಒದೆಯುವ ಎಮ್ಮೆಗೆ ಹೆದರದ ಆ ಹೆಣ್ಣು ಕಲನಶಾಸ್ತ್ರದ ಕೊಕ್ಕೆಯಂಥ ಚಿಹ್ನೆ ಕಂಡರೆ ಬೆವರುತ್ತಿದ್ದಳು.

ಒಂದು ದಿನ ಬಂದು, "ಮೇಡಂ, ನಾನು ಕೋರ್ಸು ಬಿಡುದು. ಇದು ನನ್ನ ತಲೆಗೆ ಹೋಗುದಿಲ್ಲ" ಎಂದಳು. ಕಣ್ಣಲ್ಲಿ ನೀರು. ಇದ್ದ ಕೆಲಸ ಬಿಟ್ಟು ಆಸೆಪಟ್ಟು ಬಂದವಳು. ಪರಿಶ್ರಮ, ಆತ್ಮವಿಶ್ವಾಸ ಎಂದು ದೊಡ್ಡ ಭಾಷಣ ಬಿಗಿದೆ. ಅವಳು ಅಳುವಿನ ನಡುವೆಯೂ ಆಕಳಿಸಿದಳು. ಬೇರೆ ಮಾತು ಹೊಳೆಯದೆ, "ಈಗ ನೌಶೀರನ ಸೆಮಿನಾರಿನ ತಾಲೀಮು ಉಂಟು. ಅದನ್ನಾದರೂ ಕೇಳಿ ಹೋಗು" ಎಂದೆ.

ನೌಶೀರನ ವಿಷಯ ಹಳ್ಳಿಗಳ ಜಾನುವಾರುಗಳ ಮೇವು ಮತ್ತು ಹಾಲು. ಪರದೆಯ ಮೇಲೆ ಬಣ್ಣಬಣ್ಣದ ಕಂಬಗಳು ಎದ್ದವು. ಮೂಗು ಒರೆಸಿಕೊಳ್ಳುತ್ತಿದ್ದ ಭವ್ಯ ಥಟ್ಟನೆ ಎದ್ದು ನಿಂತಳು.

"ಆ ಕುಳ್ಳ ಕಂಬ ಯಾರದ್ದು ಮಾರಾಯಾ?"

"ಹೋರಿಗಳದ್ದು" ಎಂದ ನೌಶೀರ್ ಗಂಭೀರವಾಗಿ. "ದನಗಳಷ್ಟು ಹಾಲು ಇಲ್ಲ. ಆದರೂ ನಿರ್ಲಕ್ಷಿಸುವಷ್ಟು ಕಡಿಮೆಯಲ್ಲ."

"ಹೋರಿ ಹಾಲು ಕೊಡುದಾ? ಕರೆದದ್ದು ಯಾರು, ನೀನಾ?"

ಕೆಲವು ಊರುಗಳ ಮಾಹಿತಿ ತುಂಬಿಸುವಾಗ ಅವನು ದನ, ಹೋರಿಗಳ ಗುರುತು ಅದಲುಬದಲು ಮಾಡಿದ್ದ. ಕೋಣೆಯೇ ಬಿದ್ದುಹೋಗುವಂತೆ ಎಲ್ಲರೂ ನಕ್ಕರು. ನೌಶೀರ್ ಮುಖ ಕೆಂಪು ಮಾಡಿಕೊಂಡು, ಆಮೇಲೆ ಎಲ್ಲರಿಗಿಂತ ಜೋರಾಗಿ ನಕ್ಕ. "ಮೇಡಂ ನಿನ್ನೆಯೇ ನೋಡಿ ಚಂದ ಉಂಟು ಅಂದಿದ್ರು" ಎಂದೂ ಸೇರಿಸಿದ. ನಾನು ಫ್ಯಾನಿನ ವೇಗ ಸರಿಪಡಿಸಲು ಎದ್ದೆ.

ಅವಳು ಕೋರ್ಸು ಬಿಡುವ ಸುದ್ದಿ ಅವನ ಕಿವಿಗೂ ಬಿದ್ದಿತ್ತು; ಹೊರಗೆ ಬಂದವನೇ ಭವ್ಯಳನ್ನು ಹಿಡಿದ. "ನೀವು ಬಿಟ್ಟು ಹೋದ್ರೆ ನಾಳೆ ನಾನು ಹುಂಜದ ಮೊಟ್ಟೆ ಲೆಕ್ಕ ಮಾಡಿಯೇನು. ನೀವು ನನಗೆ ದನ ಕಲಿಸಿ, ನಾನು ನಿಮಗೆ ಗಣಿತ ಕಲಿಸುದು."

ಮರುದಿನವೇ ಕರಿಹಲಗೆಯ ಮೇಲೆ ಗುಡ್ಡದಂಥ ಗೆರೆ ಎಳೆದ. "ಇದು ಕರು ಹಾಕಿದ ದನ ದಿನದಿನ ಕೊಡುವ ಹಾಲು. ಮೊದಲು ಏರುದು, ಮತ್ತೆ ಇಳಿಯುದು. ಗೆರೆಯ ಕೆಳಗಿನ ಜಾಗ ಪೂರ್ತಿ ಸೇರಿಸಿದ್ರೆ?"

"ಬತ್ತುವ ತನಕ ಕೊಟ್ಟ ಒಟ್ಟು ಹಾಲು."

"ನೀವು ಹೆದರುವ ಆ ಕೊಕ್ಕೆ ಚಿಹ್ನೆ ಮಾಡುದು ಅಷ್ಟೇ."

ಭವ್ಯ ಗೆರೆಯ ಉದ್ದಕ್ಕೂ ಬೆರಳಾಡಿಸಿದಳು. "ಅಯ್ಯೋ, ಇಷ್ಟಕ್ಕಾ ನಾನು ಅತ್ತದ್ದು!" ಎಂದು ಬಳಪ ಕಿತ್ತುಕೊಂಡಳು.

ಇಬ್ಬರೂ ಚೆನ್ನಾಗಿ ತೇರ್ಗಡೆಯಾದರು. ನಮ್ಮ ಮುಖ್ಯಸ್ಥರು ಸಭೆಯಲ್ಲಿ ನನ್ನ ಮಾರ್ಗದರ್ಶನವನ್ನು ಹಾಡಿ ಹೊಗಳಿದರು. ನಾನು ವಿನಯದಿಂದ ತಲೆ ತಗ್ಗಿಸಿದೆ. ಬಹುಮಾನವಾಗಿ ಈ ಸಲ ಒಬ್ಬ ನರ್ಸು, ಒಬ್ಬ ಹೋಮಿಯೋಪತಿ ಡಾಕ್ಟರು, ಮನುಷ್ಯರನ್ನು ಕಂಡರೆ ಮಾತೇ ಹೊರಡದ ಒಬ್ಬಳು ಕಂಪ್ಯೂಟರ್ ಹುಡುಗಿ ನನ್ನ ಪಾಲಿಗೆ ಬಂದಿದ್ದಾರೆ. ಮಾರ್ಗದರ್ಶನ ಇವತ್ತೇ ಶುರು. ಮೂವರನ್ನೂ ಒಂದೇ ಕೋಣೆಯಲ್ಲಿ ಎದುರುಬದುರು ಕೂರಿಸಿ, ಬಾಗಿಲು ಎಳೆದು, ಕ್ಯಾಂಟೀನಿಗೆ ಚಹಾ ಕುಡಿಯಲು ಬಂದಿದ್ದೇನೆ.