ಲಾರಿ ಕೊಟ್ಟು ಹ್ಯಾಂಡಲ್ ಉಳಿಸಿಕೊಂಡದ್ದು

ಎತ್ತಿನ ವ್ಯಾಪಾರದಲ್ಲಿ ನಮ್ಮ ಮನೆತನವನ್ನು ಮೀರಿಸುವವರು ಗದಗಿನ ಸುತ್ತಮುತ್ತ ಇರಲಿಲ್ಲ. ಹಲ್ಲು ನೋಡಿ ವಯಸ್ಸು ಹೇಳುತ್ತಿದ್ದೆವು, ಸುಳಿ ನೋಡಿ ಭವಿಷ್ಯ ಹೇಳುತ್ತಿದ್ದೆವು. ಆದ್ದರಿಂದ ಪುಣೆಯಲ್ಲಿ ನನ್ನ ಹಳೆಯ ಚಿಕ್ಕ ಲಾರಿಯನ್ನು ಕೊಟ್ಟು ಇನ್ನೊಂದು ಹಳೆಯ ಲಾರಿ ಕೊಳ್ಳುವ ಪ್ರಸಂಗ ಒದಗಿದಾಗ ನಾನು ಕಿಂಚಿತ್ತೂ ಅಳುಕಲಿಲ್ಲ. ಎತ್ತಿಗೂ ಲಾರಿಗೂ ಏನು ಮಹಾ ವ್ಯತ್ಯಾಸ? ಎರಡೂ ಭಾರ ಎಳೆಯುತ್ತವೆ, ಎರಡೂ ಏರು ಬಂದರೆ ನಿಲ್ಲುತ್ತವೆ!

ಇದು ಎರಡನೆಯ ಮಹಾಯುದ್ಧಕ್ಕೆ ಮುಂಚಿನ ಮಾತು. ಬಾರಾಮತಿಯಿಂದ ಪುಣೆಯ ಪೇಟೆಗೆ ಬೆಲ್ಲ ತರುವುದು ನನ್ನ ಉದ್ಯೋಗ. ನನ್ನ ಲಾರಿ ಎಷ್ಟು ಓಡಿತ್ತೆಂದರೆ, ಮೈಲಿ ತೋರಿಸುವ ಮೀಟರು ಒಂದು ಸುತ್ತು ಮುಗಿಸಿ, ಮತ್ತೆ ಸೊನ್ನೆಯಿಂದ ಶುರುಮಾಡಿ, ಕೊನೆಗೆ ಬೇಸತ್ತು ನಿಂತುಬಿಟ್ಟಿತ್ತು. ಲಾರಿ ಮೇಲಿಂದ ಮೇಲೆ ಕೆಟ್ಟು ಬೆಲ್ಲ ತಡವಾಗುತ್ತಿತ್ತು. ಬೆಲ್ಲದ ದಲಾಲರು ಕೊನೆಯ ಮಾತು ಹೇಳಿದರು: "ಈ ಶನಿವಾರ ಮುಂಜಾನೆ ಮಾಲು ಪೇಟಿಗೆ ಮುಟ್ಟಲಿಲ್ಲಂದ್ರ ನಿಮ್ಮ ಬಾಡಿಗಿ ಬ್ಯಾರೆಯವರಿಗೆ ಹೋತು ಅಂತ ತಿಳಕೋರಿ."

ಬಾಡಿಗೆ ಹೋದರೆ ನಮ್ಮ ಪುಣೆಯ ಸಂಸಾರವೂ ಹೋದಂತೆಯೇ. ಆಮೇಲೆ ಉಳಿಯುವ ಗತಿ ಗದಗಿನಲ್ಲಿರುವ ನನ್ನ ಹೆಂಡತಿಯ ತಮ್ಮನ ಮೆಣಸಿನಕಾಯಿ ಅಂಗಡಿ. ಅಲ್ಲಿ ತಕ್ಕಡಿ ಹಿಡಿದು, ನನಗಿಂತ ಚಿಕ್ಕವನಾದ ಅವನಿಗೆ 'ಹೌದ್ರಿ ಮಾಲಕರ' ಎನ್ನುವುದಕ್ಕಿಂತ ಕಾವಿ ಉಡುವುದೇ ಲೇಸು ಎಂದು ನಾನು ಆಗಾಗ ಘೋಷಿಸುತ್ತಿದ್ದೆ.

ಲಾರಿ ಕೊಡುವ ದಿನ ಬೆಳಿಗ್ಗೆ ನನಗೆ ಮನೆತನದ ಪದ್ಧತಿ ನೆನಪಾಯಿತು. ಎತ್ತು ಮಾರಿದರೂ ಅದರ ಹಗ್ಗವನ್ನು ಮಾತ್ರ ಕೊಡಕೂಡದು. ಹಗ್ಗದ ಹಿಂದೆಯೇ ಲಕ್ಷ್ಮಿ ಮನೆ ಬಿಟ್ಟು ಹೋಗುತ್ತಾಳೆ. ಆದರೆ ಲಾರಿಗೆ ಹಗ್ಗವೆಲ್ಲಿ? ತಲೆ ಕೆರೆದುಕೊಂಡೆ. ಲಾರಿಯ ಮೂತಿಗೆ ತೂರಿಸಿ, ಗರಗರ ತಿರುವಿ ಎಂಜಿನ್ ಶುರುಮಾಡುವ ಕಬ್ಬಿಣದ ಹ್ಯಾಂಡಲ್ ಕಣ್ಣಿಗೆ ಬಿತ್ತು. ಸಿಕ್ಕಿತು ಹಗ್ಗ! ಎಂಜಿನ್ ಶುರುಮಾಡಿ, ಹ್ಯಾಂಡಲ್ ಕಿತ್ತು ಹೆಂಡತಿ ನೀಲವ್ವನ ಕೈಗೆ ಕೊಟ್ಟೆ.

"ದೇವರ ಮುಂದ ಇಡು."

"ಏನ್ರಿ, ಇದೇನು ಎತ್ತೇನ್ರಿ? ತಗೊಂಡವರು ಗಾಡಿ ಹೆಂಗ ಚಾಲೂ ಮಾಡಬೇಕ್ರಿ?"

"ಅದು ಅವರ ಹಣೇಬರಹ. ಲಕ್ಷ್ಮಿ ನಮ್ಮನ್ಯಾಗ ಇರ್ತಾಳ!"

ಸ್ವಾರಗೇಟ ನಾಕಾದ ಹತ್ತಿರ ಹಳೆ ಮೋಟಾರುಗಳ ವ್ಯಾಪಾರಿ ಬಾಬುರಾವ ಇದ್ದ. ಸೋಲಾಪುರದವ, ಕನ್ನಡ ಬಲ್ಲವ. ನನ್ನ ಲಾರಿಯ ಸುತ್ತ ಹೆಣ ನೋಡಲು ಬಂದವನಂತೆ ಮೌನವಾಗಿ ಒಂದು ಸುತ್ತು ಬಂದ.

"ಎಂಜಿನ್ ಬಂದ್ ಮಾಡ್ರಿ."

"ಬ್ಯಾಡ್ರಿ, ನಡೀಲಿ. ಭಾಳ ಚಲೋ ಸಪ್ಪಳ ಅದ."

"ಹ್ಯಾಂಡಲ್ ಎಲ್ಲಿ?"

"ಕಳದದ್ರಿ," ಎಂದೆ.

ಮೊದಲೇ ಮುದಿ ಲಾರಿ, ಈಗ ಹ್ಯಾಂಡಲ್ಲೂ ಇಲ್ಲ. ಬಾಬುರಾವ ಹೇಳಿದ ಬೆಲೆ ಕೇಳಿ ನನಗೆ ಅಳು ಬಂತು. ಆದರೂ ಲಕ್ಷ್ಮಿ ಮನೆಯಲ್ಲಿದ್ದಾಳೆಂದು ಒಳಗೊಳಗೇ ನಕ್ಕೆ. ಮೇಲಿನ ಹಣ ಕೊಟ್ಟು, ಹಸಿರು ಬಣ್ಣ ಬಳಿದ ಇನ್ನೊಂದು ಲಾರಿಯನ್ನು ಒಪ್ಪಿಕೊಂಡೆ. ಅದರ ಮೀಟರು ತೀರ ಕಡಿಮೆ ಮೈಲಿ ತೋರಿಸುತ್ತಿತ್ತು. ಸೊನ್ನೆಯಿಂದ ಮತ್ತೆ ಶುರುವಾಗುವ ವಿದ್ಯೆ ನನ್ನ ಮೀಟರಿಗೊಂದೇ ಗೊತ್ತೆಂದು ನಾನು ಭಾವಿಸಿದ್ದೆ! ಗಾಲಿಗಳನ್ನು ತಟ್ಟಿದೆ, ಎತ್ತಿನ ಬೆನ್ನು ಸವರಿದಂತೆ ಬಾನೆಟ್ ಸವರಿದೆ. ಸುಳಿ ಕಾಣಲಿಲ್ಲ.

"ಇದರ ಹ್ಯಾಂಡಲ್?"

"ಯಾಕ ಬೇಕ್ರಿ? ಇದು ಗುಂಡಿ ಗಾಡಿ. ಒತ್ತಿದ್ರ ಹೊಂಟ್ತು!"

ಒತ್ತಿದೆ. ಹೊರಟಿತು!

ಶುಕ್ರವಾರ ಬಾರಾಮತಿಗೆ ಹೊರಟಾಗ ನೀಲವ್ವನೂ ಏರಿ ಕುಳಿತಳು. "ಈ ಹಸಿರು ಗಾಡಿ ಮ್ಯಾಲ ನನಗ ನಂಬಿಕಿಲ್ರಿ," ಎಂದು ದೇವರ ಮುಂದಿದ್ದ ಹ್ಯಾಂಡಲನ್ನೂ ಸೆರಗಿನಲ್ಲಿ ಸುತ್ತಿ ತಂದಳು. ಬೆಲ್ಲ ತುಂಬಿಸಿ ವಾಪಸು ಹೊರಟೆವು. ಅರ್ಧ ದಾರಿಯಲ್ಲಿ ಒಂದು ಏರು. ಲಾರಿ ಕೆಮ್ಮಿತು, ನಿಂತಿತು. ಗುಂಡಿ ಒತ್ತಿದೆ. 'ಟಿಕ್' ಎಂದಿತು. ಮತ್ತೆ ಒತ್ತಿದೆ. ಅದೂ ಅನ್ನಲಿಲ್ಲ.

ನಮ್ಮ ಹ್ಯಾಂಡಲನ್ನು ಅದರ ಮೂತಿಗೆ ತೂರಿಸಿದೆ. ಕಚ್ಚಿಕೊಳ್ಳಲೇ ಇಲ್ಲ. ಬರಿದೆ ತಿರುಗಿತು, ತಿರುಗಿತು, ನನ್ನ ರಟ್ಟೆ ಬಿದ್ದುಹೋಯಿತು. ಬಿಸಿಲಿಗೆ ಬೆಲ್ಲ ಬೆವರತೊಡಗಿತು, ಅದನ್ನು ಮುಚ್ಚಲು ಹೋದ ನನ್ನ ಮುಖಕ್ಕೂ ಮೆತ್ತಿಕೊಂಡಿತು. ಮೊದಲು ನೊಣ ಬಂದವು, ಆಮೇಲೆ ಜೇನು ಬಂದವು. ಮಾಲು ಹೊತ್ತೊಯ್ಯುವ ಗಾಡಿ ಮಾತ್ರ ಒಂದೂ ಆ ದಾರಿಯಲ್ಲಿ ಬರಲಿಲ್ಲ. ನೀಲವ್ವ ಸೆರಗು ಬೀಸಿ ಜೇನು ಓಡಿಸುತ್ತ ಕುಳಿತಳು. ಅವಳು ಬೈದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಅಷ್ಟರಲ್ಲಿ ದೂರದಿಂದ ಒಂದು ಸಪ್ಪಳ ಕೇಳಿತು. ನನಗೆ ಕರುಳಿನ ಪರಿಚಯವಿದ್ದ ಸಪ್ಪಳ. ನನ್ನ ಹಳೆಯ ಲಾರಿ! ಯಾರೋ ಹೊಸಬ ಓಡಿಸುತ್ತಿದ್ದ, ಹಿಂದೆ ಖಾಲಿ, ಪುಣೆಯ ಕಡೆಗೇ ಹೊರಟಿತ್ತು. ಬೆಲ್ಲವನ್ನು ಅದಕ್ಕೆ ಹೇರಿದರೆ ಶನಿವಾರ ಬೆಳಿಗ್ಗೆ ಪೇಟೆ ಮುಟ್ಟುವುದು ಖಂಡಿತ. ನೀಲವ್ವ ರಸ್ತೆಯ ನಡುವೆ ನಿಂತು ಎರಡೂ ಕೈ ಬೀಸಿದಳು.

ಅವನು ವೇಗ ತಗ್ಗಿಸಿದ, ಆದರೆ ನಿಲ್ಲಿಸಲಿಲ್ಲ. ಮರಾಠಿಯಲ್ಲಿ ಅಂಗಲಾಚಿದ: "ಬಾಜೂ ಸರಿಯಮ್ಮಾ! ನಿಲ್ಲಿಸಿದರೆ ಇದು ಮತ್ತೆ ಶುರುವಾಗುವುದಿಲ್ಲ! ಯಾವನೋ ಕಂಜೂಸ ಹ್ಯಾಂಡಲ್ ಇಟ್ಟುಕೊಂಡು ಮಾರಿದ್ದಾನೆ! ಅವನ ಮನೆ ಹಾಳಾಗ!"

ಹಾಳಾಗುತ್ತಿದ್ದ ಮನೆಯ ಯಜಮಾನ ನಾನು, ಸಂತೋಷದಿಂದ ಹುಚ್ಚನಂತಾದೆ. ಹ್ಯಾಂಡಲ್ ನನ್ನ ಕೈಯಲ್ಲೇ ಇತ್ತಲ್ಲ! "ನಿಲ್ಲಿಸು! ಇಲ್ಲಿದೆ!" ಎಂದು ಅದನ್ನು ತಲೆಯ ಮೇಲೆತ್ತಿ ಬೀಸುತ್ತ ಅವನ ಕಡೆ ಓಡಿದೆ.

ಕಬ್ಬಿಣದ ಸರಳು ಎತ್ತಿ, ಬೆಲ್ಲ ಮೆತ್ತಿಕೊಂಡ ಮುಖದಿಂದ ಅರಚುತ್ತ ಮೈಮೇಲೆ ಬರುವವನನ್ನು ಕಂಡರೆ ಯಾರು ನಿಲ್ಲಿಸುತ್ತಾರೆ? ದರೋಡೆಕೋರನೆಂದೇ ತಿಳಿದ. ಲಾರಿಯನ್ನು ಪಕ್ಕದ ಗದ್ದೆಗಿಳಿಸಿ, ನೀಲವ್ವನನ್ನು ಬಳಸಿ, ಮತ್ತೆ ರಸ್ತೆ ಹತ್ತಿಸಿ ಹಾರಿಹೋದ. ನನ್ನ ಕೈಯಲ್ಲಿ ಅದು ಎಂದೂ ಅಷ್ಟು ವೇಗವಾಗಿ ಓಡಿರಲಿಲ್ಲ!

ನಮ್ಮನ್ನು ಪುಣೆಗೆ ಎಳೆದು ತಂದದ್ದು ಎರಡು ಜೋಡಿ ಎತ್ತುಗಳು. ಒಳ್ಳೆಯ ಸುಳಿಯ ಎತ್ತುಗಳು. ಅವು ಪೇಟೆ ಮುಟ್ಟುವ ಹೊತ್ತಿಗೆ ಶನಿವಾರ ಕಳೆದಿತ್ತು, ಬಾಡಿಗೆಯೂ ಕೈಬಿಟ್ಟಿತ್ತು. ಅದು ಯಾವ ಲಾರಿಯ ಪಾಲಾಯಿತೆಂದು ಬೇರೆ ಹೇಳಬೇಕೆ? ಹಸಿರು ಲಾರಿಯನ್ನು ಬಾಬುರಾವನಿಗೇ ಮರಳಿ ಮಾರಲು ಹೋದೆ. ಅವನು ಸುತ್ತು ಬಂದು ನಿಟ್ಟುಸಿರು ಬಿಟ್ಟ. "ಹ್ಯಾಂಡಲ್ ಇಲ್ಲದ ಗಾಡಿ ಯಾರು ತಗೋತಾರ್ರಿ?"

ಈಗ ಗದಗಿನಲ್ಲಿದ್ದೇವೆ. ಮೆಣಸಿನಕಾಯಿ ತೂಗುತ್ತೇನೆ, ಸೀನುತ್ತೇನೆ, ಸೀನುಗಳ ನಡುವೆ 'ಹೌದ್ರಿ ಮಾಲಕರ' ಎನ್ನುತ್ತೇನೆ. ಹ್ಯಾಂಡಲ್ ಇನ್ನೂ ಇದೆ. ಮೈದುನ ಅದನ್ನು ಅಂಗಡಿಯ ಹಿಂಬಾಗಿಲಿಗೆ ಅಗಳಿ ಮಾಡಿಕೊಂಡಿದ್ದಾನೆ. ಅಂಗಡಿ ಭಾಳ ಚಲೋ ನಡೆದಿದೆ.

ನಿನ್ನೆ ಬಾಗಿಲು ಹಾಕುವಾಗ ನೀಲವ್ವ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು.

"ನೀವು ಅಂದದ್ದು ಖರೇ ಅದರಿ," ಎಂದಳು. "ಲಕ್ಷ್ಮಿ ಹೊರಗ ಹೋಗಿಲ್ಲ. ನನ್ನ ತಮ್ಮನ ಮನ್ಯಾಗ ಅದಾಳ."